ಹದಿಹರೆಯದಲ್ಲಿ ಮಯಸ್ತೇನಿಯಾ: ಯಾವ ಚಿಕಿತ್ಸೆ ಎಷ್ಟು ದಿನಕ್ಕೆ ಕೈ ಹಿಡಿಯುತ್ತದೆ?

ಬೆಳಗ್ಗೆ ಎದ್ದಾಗ ಮಗಳು ಚೆನ್ನಾಗಿಯೇ ಇರುತ್ತಿದ್ದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಡಗಣ್ಣಿನ ರೆಪ್ಪೆ ಇಳಿಯುತ್ತಿತ್ತು. ರಾತ್ರಿ ಊಟ ಅಗಿಯುವಾಗ ದವಡೆ ಸೋತು, ಗಲ್ಲಕ್ಕೆ ಕೈ ಆಸರೆ ಕೊಡುತ್ತಿದ್ದಳು. ಮಾತು ಮೂಗಿನಲ್ಲಿ ಬರುತ್ತಿತ್ತು. ಒಂದು ಗಂಟೆ ಮಲಗಿ ಎದ್ದರೆ ಮತ್ತೆ ಎಲ್ಲ ಸರಿ. 13 ವರ್ಷದ ಹುಡುಗಿ ಹೀಗೆ ಮಾಡಿದರೆ ಮನೆಯವರಿಗೆ ಏನನ್ನಿಸುತ್ತದೆ? ಓದು ತಪ್ಪಿಸಿಕೊಳ್ಳೋಕೆ ಕಳ್ಳಾಟ ಅಂತ. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಹೇಳುವುದಿಲ್ಲ. ದಣಿದಾಗ ಸೋಲುವುದು, ವಿಶ್ರಾಂತಿ ಸಿಕ್ಕರೆ ಚೇತರಿಸುವುದು, ಇದೇ ಕಾಯಿಲೆಯ ಗುರುತು ಅಂತ ಗೊತ್ತಾಗಿದ್ದು ಆಮೇಲೆ.

ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುದ್ದಿ ಮುಟ್ಟಿಸುತ್ತದೆ. ಅದನ್ನು ಹಿಡಿದುಕೊಳ್ಳಲು ಸ್ನಾಯುವಿನ ಮೇಲೆ ಗ್ರಾಹಕಗಳಿವೆ. ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಆ ಗ್ರಾಹಕಗಳ ಮೇಲೆಯೇ ಪ್ರತಿಕಾಯಗಳನ್ನು ಬಿಡುತ್ತದೆ. ನರ ಕೆಟ್ಟಿಲ್ಲ, ಸ್ನಾಯುವೂ ಕೆಟ್ಟಿಲ್ಲ. ನಡುವಿನ ಸುದ್ದಿ ಪೂರ್ತಿ ತಲುಪುವುದಿಲ್ಲ, ಅಷ್ಟೆ. ದೊಡ್ಡವರಲ್ಲೇ ಇದು ಅಪರೂಪ. ಮಕ್ಕಳಲ್ಲಿ ಇನ್ನೂ ಅಪರೂಪ.

ಮೊದಲ ತಿಂಗಳು ಕಂಡಕಂಡ ಡಾಕ್ಟರನ್ನೆಲ್ಲ ನಾನು ಕೇಳಿದ್ದು ಒಂದೇ ಪ್ರಶ್ನೆ: 'ಇದರಲ್ಲಿ ಯಾವ ಔಷಧಿ ಎಲ್ಲಕ್ಕಿಂತ ಒಳ್ಳೆಯದು?' ಪ್ರಶ್ನೆಯೇ ತಪ್ಪಾಗಿತ್ತು. ಈ ಕಾಯಿಲೆಗೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವ ಮಾತ್ರೆ ಇದೆ, ಒಂದು ವಾರದಲ್ಲಿ ಎತ್ತಿ ನಿಲ್ಲಿಸುವ ಚಿಕಿತ್ಸೆ ಇದೆ, ಒಂದು ವರ್ಷ ಕಾಯಿಸುವ ಔಷಧಿಯೂ ಇದೆ. ಎಲ್ಲಕ್ಕೂ ಬೇರೆ ಬೇರೆ ಗಡಿಯಾರ. ಹೋಲಿಸಬೇಕಾದ್ದು ಆ ಗಡಿಯಾರಗಳನ್ನು. ಜೊತೆಗೆ ಮಗುವಿಗೂ ತನ್ನದೇ ಗಡಿಯಾರ ಇರುತ್ತದೆ: ಎತ್ತರ ಬೆಳೆಯುವ ವರ್ಷಗಳು, ಪರೀಕ್ಷೆ, ಮುಖದ ಬಗ್ಗೆ ಅತಿಯಾಗಿ ಯೋಚಿಸುವ ವಯಸ್ಸು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಆಯ್ಕೆ ಸ್ವಲ್ಪ ಸಲೀಸಾಗುತ್ತದೆ.

ನಾನು ಡಾಕ್ಟರಲ್ಲ. ಡೋಸಿನ ಲೆಕ್ಕ ಇಲ್ಲಿ ಸಿಗುವುದಿಲ್ಲ. ಮಕ್ಕಳ ನರರೋಗ ತಜ್ಞರ ಎದುರು ಕೂತಾಗ ಏನು ಕೇಳಬೇಕು, ಅವರು ಹೇಳಿದ್ದನ್ನು ಹೇಗೆ ತೂಗಬೇಕು ಅನ್ನುವುದಷ್ಟೇ ಇಲ್ಲಿರುವುದು.

ಆಯ್ಕೆಗೆ ಮೊದಲು ಕೈಯಲ್ಲಿರಬೇಕಾದ ಉತ್ತರಗಳು

ಮೊದಲನೆಯದು, ಯಾವ ಪ್ರತಿಕಾಯ? ಹೆಚ್ಚಿನವರಲ್ಲಿ ಸಿಗುವುದು ಅಸಿಟೈಲ್‌ಕೋಲಿನ್ ಗ್ರಾಹಕದ ವಿರುದ್ಧದ್ದು. ಕೆಲವರಲ್ಲಿ ಮಸ್ಕ್ ಎಂಬ ಇನ್ನೊಂದು ಪ್ರೋಟೀನಿನ ವಿರುದ್ಧ ಇರುತ್ತದೆ. ಇದನ್ನು ಗುರುತಿಸಿದ್ದೇ 2001ರಲ್ಲಿ. ಹೆಸರು ಬೇರೆ, ಅಷ್ಟೇ ತಾನೇ ಅಂದುಕೊಳ್ಳಬೇಡಿ. ಮಸ್ಕ್ ಇದ್ದವರಿಗೆ ಮಾಮೂಲಿ ಮಾತ್ರೆ ಅಷ್ಟಾಗಿ ಹಿಡಿಸುವುದಿಲ್ಲ, ಎದೆಯೊಳಗಿನ ಥೈಮಸ್ ಗ್ರಂಥಿ ತೆಗೆಸಿದರೂ ಲಾಭ ಕಾಣುವುದಿಲ್ಲ, ಆದರೆ ರಿಟುಕ್ಸಿಮ್ಯಾಬ್ ಎಂಬ ಹೊಸ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ರಕ್ತಪರೀಕ್ಷೆಯಿಂದ ಇಡೀ ದಾರಿಯೇ ಬದಲಾಗುತ್ತದೆ.

ಎರಡೂ ಸಿಗದಿದ್ದರೆ? ಮಕ್ಕಳಲ್ಲಿ ಇದು ಆಗಾಗ ಆಗುತ್ತದೆ. ಆಗ ಹುಟ್ಟಿನಿಂದ ಬಂದ ಮಯಸ್ತೇನಿಯಾ ಇರಬಹುದಾ ಅಂತ ವಂಶವಾಹಿ ಪರೀಕ್ಷೆ ಮಾಡಿಸಬೇಕು. ಅದು ನೋಡೋಕೆ ಹೀಗೇ ಇರುತ್ತದೆ, ಆದರೆ ಅದರಲ್ಲಿ ರಕ್ಷಣಾ ವ್ಯವಸ್ಥೆಯ ತಪ್ಪೇ ಇಲ್ಲ. ಸ್ಟೀರಾಯ್ಡ್ ಕೊಟ್ಟರೂ ಉಪಯೋಗವಿಲ್ಲ, ಥೈಮಸ್ ತೆಗೆದರೂ ಉಪಯೋಗವಿಲ್ಲ. ಸುಮ್ನೆ ಮಗುವಿಗೆ ಹಿಂಸೆ. ಪ್ರತಿಕಾಯ ಸಿಗದ ಮಗುವಿಗೆ ಆಪರೇಷನ್ ಮಾಡೋಣ ಅಂದರೆ ಈ ಪರೀಕ್ಷೆ ಆಗಿದೆಯಾ ಅಂತ ಕೇಳಿಯೇ ಮುಂದುವರಿಯಿರಿ.

ಇನ್ನೊಂದು ಪ್ರಶ್ನೆ, ಕಾಯಿಲೆ ಕಣ್ಣಿಗಷ್ಟೇ ಇದೆಯಾ, ಮೈಗೆಲ್ಲ ಹರಡಿದೆಯಾ? ರೆಪ್ಪೆ ಇಳಿಯುವುದು, ಒಂದು ಎರಡಾಗಿ ಕಾಣುವುದು, ಇಷ್ಟೇ ಇದ್ದರೆ ಮೆಲ್ಲಗೆ ಹೋಗಬಹುದು. ನುಂಗುವುದು, ಉಸಿರು, ಕತ್ತು ಸೋಲುತ್ತಿದ್ದರೆ ಮೆಲ್ಲಗೆ ಹೋಗುವ ಮಾತೇ ಇಲ್ಲ. ಮಗು ದೊಡ್ಡದಾಗುವ ಮುಂಚೆ ಕಾಯಿಲೆ ಶುರುವಾದರೆ ತಾನಾಗಿಯೇ ಹೋಗುವ ಸಾಧ್ಯತೆ ಹೆಚ್ಚು. ಹದಿಹರೆಯ ಮುಟ್ಟಿದ ಮೇಲೆ ಬಂದರೆ ಅದು ದೊಡ್ಡವರ ಕಾಯಿಲೆಯ ಹಾಗೆಯೇ ನಡೆದುಕೊಳ್ಳುತ್ತದೆ.

ಅರ್ಧ ಗಂಟೆಯ ಮಾತ್ರೆ

1934ರಲ್ಲಿ ಲಂಡನ್ನಿನ ಗ್ರೀನಿಚ್‌ನ ಒಂದು ಆಸ್ಪತ್ರೆಯಲ್ಲಿ ಮೇರಿ ವಾಕರ್ ಎಂಬ ವೈದ್ಯೆಗೆ ಒಂದು ಹೋಲಿಕೆ ಹೊಳೆಯಿತು. ಬಾಣದ ತುದಿಗೆ ಹಚ್ಚುವ ಕ್ಯುರಾರೆ ವಿಷ ಏರಿದರೆ ಹೇಗೆ ಸ್ನಾಯು ಸೋಲುತ್ತದೋ, ಈ ರೋಗಿಗಳದ್ದೂ ಹಾಗೇ ಇದೆಯಲ್ಲ ಅಂತ. ಆ ವಿಷಕ್ಕೆ ಕೊಡುವ ಮದ್ದನ್ನೇ ಕೊಟ್ಟು ನೋಡಿದರು. ರೋಗಿ ಚೇತರಿಸಿಕೊಂಡರು, ಸ್ವಲ್ಪ ಹೊತ್ತಿನ ಮಟ್ಟಿಗೆ. ಇವತ್ತು ಎಲ್ಲರೂ ಮೊದಲು ಶುರುಮಾಡುವ ಪಿರಿಡೋಸ್ಟಿಗ್ಮಿನ್ ಅದೇ ಮನೆತನದ್ದು. ಅಸಿಟೈಲ್‌ಕೋಲಿನ್ ಬೇಗ ಕರಗಿಹೋಗದಂತೆ ತಡೆಯುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಶುರು, ಮೂರು ನಾಲ್ಕು ಗಂಟೆಯಲ್ಲಿ ಮುಗಿಯುತ್ತದೆ.

ಇದರ ದೊಡ್ಡ ಗುಣ ಅಂದರೆ ರಕ್ಷಣಾ ವ್ಯವಸ್ಥೆಯನ್ನು ಮುಟ್ಟುವುದಿಲ್ಲ. ದೊಡ್ಡ ಕೊರತೆಯೂ ಅದೇ. ಕಾಯಿಲೆ ಇದ್ದಲ್ಲೇ ಇರುತ್ತದೆ, ನೀವು ಅದರ ಮೇಲೆ ತೆಳು ಹೊದಿಕೆ ಹಾಕಿದ್ದೀರಿ. ಸೌಮ್ಯವಾಗಿದ್ದರೆ ಅಷ್ಟೇ ಸಾಕಾಗುವುದೂ ಉಂಟು. ಮಾತ್ರೆ ಜಾಸ್ತಿಯಾದರೆ ಹೊಟ್ಟೆ ನುಲಿತ, ಭೇದಿ, ಬಾಯಲ್ಲಿ ನೀರು. ತೀರಾ ಮಿತಿ ಮೀರಿದರೆ ಸ್ನಾಯು ಮತ್ತಷ್ಟು ಸೋಲುತ್ತದೆ. ಹಾಗಾಗಿ 'ಇವತ್ತು ಸುಸ್ತು, ಇನ್ನೊಂದು ಹಾಕ್ಕೋ' ಅನ್ನುವುದು ಮನೆಯಲ್ಲಿ ಕೂಡದು.

ಹದಿಹರೆಯದ ಮಕ್ಕಳ ಸಮಸ್ಯೆ ಬೇರೆ. ಎಲ್ಲರೆದುರು ಮಾತ್ರೆ ನುಂಗೋಕೆ ನಾಚಿಕೆ. ನನ್ನ ಮಗಳು ಎರಡು ತಿಂಗಳು ಶಾಲೆಯ ಮಧ್ಯಾಹ್ನದ ಮಾತ್ರೆಯನ್ನು ಕಸದ ಬುಟ್ಟಿಗೆ ಹಾಕಿದ್ದಳು. ನಾವು ಅದನ್ನು 'ಔಷಧಿ ಕೆಲಸ ಮಾಡುತ್ತಿಲ್ಲ' ಅಂತ ಲೆಕ್ಕ ಹಿಡಿದು, ಮುಂದಿನ ಹೆಜ್ಜೆಯ ಮಾತು ಶುರುಮಾಡಿದ್ದೆವು! ಔಷಧಿ ಬದಲಿಸುವ ಮುಂಚೆ, ಗದರದೆ, ಮಗುವನ್ನು ಒಮ್ಮೆ ಕೇಳಿ: ಎಷ್ಟು ತಗೊಂಡೆ? ಆಮೇಲೆ ನಾವು ಊಟಕ್ಕೆ ಅರ್ಧ ಗಂಟೆ ಮುಂಚೆ ಅಂತ ಸಮಯ ಹೊಂದಿಸಿದೆವು. ಅಗಿಯುವುದು ಸಲೀಸಾಯಿತು. ಲಾಭ ಕಣ್ಣಿಗೆ ಕಂಡ ಮೇಲೆ ಅವಳೇ ಮರೆಯದೆ ತಗೊಳ್ಳೋಕೆ ಶುರುಮಾಡಿದಳು.

ವಾರಗಳ ಲೆಕ್ಕ: ಸ್ಟೀರಾಯ್ಡ್

ಮಾತ್ರೆ ಸಾಲದಿದ್ದಾಗ ಬರುವುದು ಪ್ರೆಡ್ನಿಸೋಲೋನ್. ಇದು ಪ್ರತಿಕಾಯಗಳ ಮೂಲಕ್ಕೇ ಕೈ ಹಾಕುತ್ತದೆ. ಕೆಲವು ವಾರಗಳಲ್ಲಿ ಗುಣ ಕಾಣುತ್ತದೆ, ಪೂರ್ತಿ ಫಲಕ್ಕೆ ತಿಂಗಳುಗಳು ಬೇಕು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಡಾಕ್ಟರುಗಳಿಗೆ ದಶಕಗಳ ಅನುಭವ ಇದೆ. ಆದರೆ ಎರಡು ವಿಷಯ ಮೊದಲೇ ಗೊತ್ತಿರಬೇಕು.

ಒಂದು, ಶುರುವಿನ ಕುಸಿತ. ದೊಡ್ಡ ಡೋಸಿನಿಂದ ಶುರುಮಾಡಿದರೆ ಮೊದಲ ಒಂದೆರಡು ವಾರದಲ್ಲಿ ಕೆಲವರ ಸ್ಥಿತಿ ಇನ್ನೂ ಕೆಡುತ್ತದೆ. ನುಂಗೋಕೆ, ಉಸಿರಾಡೋಕೆ ಈಗಾಗಲೇ ಕಷ್ಟ ಇದ್ದವರಿಗೆ ಇದು ಅಪಾಯ. ಅದಕ್ಕೇ ಕಡಿಮೆಯಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ, ಇಲ್ಲವೇ ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಶುರುಮಾಡುತ್ತಾರೆ. ನಮಗೆ ಈ ಮಾತನ್ನು ಮೊದಲು ಕಂಡ ಕಡೆ ಯಾರೂ ಹೇಳಿರಲಿಲ್ಲ. ಐದನೇ ದಿನ ಮಗಳು ನೀರು ಕುಡಿದರೆ ಮೂಗಿನಿಂದ ಬಂತು. ಆ ರಾತ್ರಿಯನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಎರಡು, ವಯಸ್ಸು. ದೊಡ್ಡವರ ಪುಸ್ತಕದಲ್ಲಿ ಸ್ಟೀರಾಯ್ಡಿನ ಅಡ್ಡ ಪರಿಣಾಮ ಅಂದರೆ ಸಕ್ಕರೆ, ಬಿಪಿ, ಮೂಳೆ. 14 ವರ್ಷದವರಿಗೆ ಅದರ ಜೊತೆಗೆ ಎತ್ತರ ಕುಂಠಿತವಾಗುವುದು, ಮುಖ ಊದಿ ದುಂಡಗಾಗುವುದು, ಮೊಡವೆ, ಹೊಟ್ಟೆಯ ಮೇಲೆ ಗೆರೆ, ಮುಂಗೋಪ, ನಿದ್ದೆ ಬಾರದಿರುವುದು. ಕನ್ನಡಿ ಎದುರು ಅಳುವ ಮಗುವಿಗೆ 'ಜೀವಕ್ಕಿಂತ ಮುಖ ದೊಡ್ಡದಾ?' ಅನ್ನಬೇಡಿ. ಆ ವಯಸ್ಸಿನಲ್ಲಿ ಹೌದು, ಸುಮಾರು ಅಷ್ಟೇ ದೊಡ್ಡದು. ಅದೇ ಕಾರಣಕ್ಕೆ ಮಕ್ಕಳು ಹೇಳದೆ ಕೇಳದೆ ಸ್ಟೀರಾಯ್ಡ್ ಬಿಡುತ್ತಾರೆ. ಬಹಳ ದಿನ ತಗೊಂಡ ಮೇಲೆ ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನೇ ಮರೆತಿರುತ್ತದೆ. ಇದನ್ನು ನನಗಲ್ಲ, ಮಗುವಿಗೇ ನೇರವಾಗಿ ಹೇಳಿ ಅಂತ ಡಾಕ್ಟರಿಗೆ ಕೇಳಿಕೊಳ್ಳಿ.

ಸ್ಟೀರಾಯ್ಡ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮನ್ನು ಮೇಲೆತ್ತಿದ್ದು ಅದೇ. ಶುರುಮಾಡುವ ದಿನವೇ ಕೇಳಬೇಕಾದ್ದು ಒಂದಿದೆ: ಇದನ್ನು ಇಳಿಸುವ ದಾರಿ ಯಾವುದು?

ತಿಂಗಳುಗಟ್ಟಲೆ ಕಾಯಿಸುವವು

ಆ ದಾರಿ ಸಾಮಾನ್ಯವಾಗಿ ಅಜಾಥಯೋಪ್ರಿನ್, ಮೈಕೋಫಿನೋಲೇಟ್ ಅಥವಾ ಟ್ಯಾಕ್ರೋಲಿಮಸ್. ಸ್ಟೀರಾಯ್ಡಿನ ಹೊರೆ ಇಳಿಸುವುದು ಇವುಗಳ ಕೆಲಸ.

ಅಜಾಥಯೋಪ್ರಿನ್ ಹಳೆಯದು, ನಂಬಿಕೆಯದು, ಮಹಾ ನಿಧಾನ. ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಮೂರನೇ ತಿಂಗಳಿಗೇ 'ಇದು ಆಗಲಿಲ್ಲ' ಅಂತ ಬಿಟ್ಟರೆ ಬೀಜ ಹಾಕಿ ಮರುದಿನ ಕೆದಕಿ ನೋಡಿದ ಹಾಗೆ. ಶುರುವಿಗೆ ಮುಂಚೆ ಟಿಪಿಎಂಟಿ ಎಂಬ ಕಿಣ್ವದ ಪರೀಕ್ಷೆ ಮಾಡಿಸಬೇಕು. ಆ ಕಿಣ್ವ ತೀರಾ ಕಡಿಮೆ ಇದ್ದವರಿಗೆ ಈ ಔಷಧಿ ಕೊಟ್ಟರೆ ರಕ್ತಕಣಗಳು ಅಪಾಯಕರ ಮಟ್ಟಕ್ಕೆ ಇಳಿಯುತ್ತವೆ. ಆಮೇಲೂ ರಕ್ತಕಣ, ಲಿವರ್ ನೋಡುತ್ತಿರಬೇಕು.

ಮೈಕೋಫಿನೋಲೇಟ್ ಕೂಡ ತಿಂಗಳುಗಳ ಲೆಕ್ಕದ್ದೇ. ಹೊಟ್ಟೆ ಕೆಡಿಸುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಮುಜುಗರವಾದರೂ ಮಾತಾಡಲೇಬೇಕಾದ ಸಂಗತಿ ಇದೆ. ಗರ್ಭಿಣಿಯಾದರೆ ಇದು ಮಗುವಿಗೆ ದೊಡ್ಡ ಅಂಗವೈಕಲ್ಯ ತರಬಲ್ಲದು. '15 ವರ್ಷದವಳ ಹತ್ತಿರ ಇದೆಲ್ಲ ಯಾಕೆ' ಅಂತ ಮುಚ್ಚಿಟ್ಟರೆ, ಇದೇ ಔಷಧಿ ಇಪ್ಪತ್ತು ದಾಟಿದ ಮೇಲೂ ಮುಂದುವರಿದಾಗ ಅವಳಿಗೆ ಹೇಳುವವರೇ ಇರುವುದಿಲ್ಲ. ಟ್ಯಾಕ್ರೋಲಿಮಸ್ ಇವೆರಡಕ್ಕಿಂತ ಬೇಗ ಹಿಡಿಯುತ್ತದೆ. ಬದಲಿಗೆ ಕಿಡ್ನಿ, ಬಿಪಿ, ಸಕ್ಕರೆ ಮೇಲೆ ಕಣ್ಣಿಡಬೇಕು, ರಕ್ತದಲ್ಲಿ ಔಷಧಿಯ ಮಟ್ಟವನ್ನೂ ಅಳೆಯುತ್ತಿರಬೇಕು.

ಇವು ಯಾವುದನ್ನು ತಗೊಳ್ಳುತ್ತಿದ್ದರೂ ಜೀವಂತ ರೋಗಾಣು ಇರುವ ಲಸಿಕೆಗಳು ಕೂಡದು. ಬಾಕಿ ಲಸಿಕೆ ಏನಿದೆ ಅಂತ ಶುರುವಿಗೆ ಮುಂಚೆಯೇ ನೋಡಿಕೊಳ್ಳಿ.

ತುರ್ತಿಗೆ: ಐವಿಐಜಿಯೋ, ಪ್ಲಾಸ್ಮಾ ಬದಲಾವಣೆಯೋ?

ಇಲ್ಲಿ ಮಾತ್ರ ನಿಜವಾಗಲೂ ಅಕ್ಕಪಕ್ಕ ನಿಲ್ಲಿಸಿ ಹೋಲಿಸಬಹುದು. ಎರಡೂ ಕೆಲವೇ ದಿನಗಳಲ್ಲಿ ಗುಣ ತೋರಿಸುತ್ತವೆ. ಎರಡರ ಫಲವೂ ಕೆಲವು ವಾರಕ್ಕೆ ಇಳಿಯುತ್ತದೆ. ದೊಡ್ಡವರಲ್ಲಿ ಎರಡನ್ನೂ ನೇರವಾಗಿ ಹೋಲಿಸಿದ 84 ಜನರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಎರಡೂ ಸರಿಸಮ ಅಂತ ಕಂಡಿತು. ಹಾಗಾದರೆ ಆಯ್ಕೆ ನಿಲ್ಲುವುದು ಮಗುವಿನ ಮೈ ಮತ್ತು ಆಸ್ಪತ್ರೆಯ ಕೈ ಮೇಲೆ.

ಐವಿಐಜಿ ಅಂದರೆ ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು. ಕೈಯ ರಕ್ತನಾಳದಿಂದಲೇ ಎರಡರಿಂದ ಐದು ದಿನ ಹನಿಸುತ್ತಾರೆ. ದೊಡ್ಡ ಯಂತ್ರ ಬೇಡ. ತಲೆನೋವು ಮಾತ್ರ ಜೋರಾಗಿ ಬರಬಹುದು. ನಿಧಾನಕ್ಕೆ ಹನಿಸಿದರೆ, ಚೆನ್ನಾಗಿ ನೀರು ಕುಡಿಸಿದರೆ ಕಡಿಮೆ. ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ಪೆಟ್ಟು ಆಗುವುದುಂಟು. ಇದಾದ ಮೇಲೆ ದಡಾರದಂಥ ಲಸಿಕೆಗಳನ್ನು ತಿಂಗಳುಗಟ್ಟಲೆ ಮುಂದೂಡಬೇಕಾಗುತ್ತದೆ.

ಪ್ಲಾಸ್ಮಾ ಬದಲಾವಣೆಯಲ್ಲಿ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಪ್ರತಿಕಾಯ ತುಂಬಿದ ನೀರಿನ ಭಾಗವನ್ನು ತೆಗೆದು, ಬೇರೆ ದ್ರವ ತುಂಬಿಸುತ್ತಾರೆ. ಸಾಮಾನ್ಯವಾಗಿ ದಿನ ಬಿಟ್ಟು ದಿನ, ಐದಾರು ಸಲ. ಕತ್ತಿನ ಅಥವಾ ತೊಡೆಯ ದೊಡ್ಡ ನಾಳಕ್ಕೆ ಕೊಳವೆ ಹಾಕಬೇಕಾಗಬಹುದು. ಬಿಪಿ ಇಳಿಯುತ್ತದೆ, ತುಟಿ ಬೆರಳು ಜುಮ್ಮೆನ್ನುತ್ತವೆ. ಸಣ್ಣ ಮೈಕಟ್ಟಿನ ಮಕ್ಕಳಿಗೆ ಇದು ಕಷ್ಟ. ಆದರೆ ಉಸಿರೇ ಕೈಕೊಡುತ್ತಿರುವಾಗ ಅನುಭವಿ ತಂಡ ಇದ್ದಲ್ಲಿ ಹಲವು ತಜ್ಞರು ಇದನ್ನೇ ಆರಿಸುತ್ತಾರೆ. ಮಸ್ಕ್ ಇದ್ದವರಿಗೂ ಇದು ಹೆಚ್ಚು ಒಗ್ಗುತ್ತದೆ. ನನ್ನನ್ನು ಕೇಳಿದರೆ, ಅಲ್ಲಿನ ತಂಡ ಯಾವುದನ್ನು ವಾರ ವಾರ ಮಾಡುತ್ತದೋ ಅದೇ ಸರಿ. ವರ್ಷಕ್ಕೊಮ್ಮೆ ಯಂತ್ರದ ಧೂಳು ಒರೆಸುವ ಕಡೆ ಪ್ಲಾಸ್ಮಾ ಬದಲಾವಣೆಗೆ ನಾನು ಒಪ್ಪುತ್ತಿರಲಿಲ್ಲ.

ತುರ್ತು ಅಂತ ಗೊತ್ತಾಗುವುದು ಹೇಗೆ? ಒಂದೇ ಉಸಿರಿನಲ್ಲಿ ಒಂದು, ಎರಡು ಅಂತ ಎಣಿಸಲು ಹೇಳಿ. ಚೆನ್ನಾಗಿರುವ ದಿನ ಎಷ್ಟು ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಅದು ಥಟ್ಟನೆ ಅರ್ಧಕ್ಕೆ ಇಳಿದರೆ, ಎಂಜಲು ನುಂಗಲಾಗದಿದ್ದರೆ, ಕತ್ತು ನಿಲ್ಲದಿದ್ದರೆ, ಮಲಗಿದರೆ ಉಸಿರು ಸಿಗದಿದ್ದರೆ ಕಾಯಬೇಡಿ, ಹೊರಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ನೋಡಿ ಧೈರ್ಯ ತಂದುಕೊಳ್ಳಬೇಡಿ. ಈ ಕಾಯಿಲೆಯಲ್ಲಿ ಆ ಅಂಕಿ ಕೊನೆಯವರೆಗೂ ಚೆನ್ನಾಗಿಯೇ ತೋರಿಸಿ, ಆಮೇಲೆ ಒಮ್ಮೆಲೇ ಬೀಳುತ್ತದೆ.

ವರ್ಷಗಳ ಆಟ: ಥೈಮಸ್ ತೆಗೆಸಬೇಕಾ?

ಮನೆಯಲ್ಲಿ ಅತಿ ಹೆಚ್ಚು ಜಗಳ ಆಗಿದ್ದು ಇದಕ್ಕೇ. ಥೈಮಸ್ ಎದೆಮೂಳೆಯ ಹಿಂದಿರುವ ಗ್ರಂಥಿ. ರಕ್ಷಣಾ ಕಣಗಳು ಪಾಠ ಕಲಿಯುವ ಶಾಲೆ ಅನ್ನಬಹುದು. ಈ ಕಾಯಿಲೆ ಇರುವ ಹಲವು ಹದಿಹರೆಯದವರಲ್ಲಿ ಅದು ಊದಿಕೊಂಡಿರುತ್ತದೆ. ಗಡ್ಡೆ ದೊಡ್ಡವರಲ್ಲಿ ಸಿಗುವಷ್ಟು ಮಕ್ಕಳಲ್ಲಿ ಸಿಗುವುದಿಲ್ಲ, ಆದರೂ ಸ್ಕ್ಯಾನ್ ಮಾಡಿ ನೋಡಲೇಬೇಕು. ಗಡ್ಡೆ ಇದ್ದರೆ ಚರ್ಚೆಯೇ ಇಲ್ಲ, ತೆಗೆಯಬೇಕು.

ಗಡ್ಡೆ ಇಲ್ಲದಿದ್ದರೆ? 1936ರಲ್ಲಿ ಆಲ್ಫ್ರೆಡ್ ಬ್ಲಾಲಾಕ್ ಒಬ್ಬ ಯುವತಿಯ ಥೈಮಸ್ ಗಡ್ಡೆ ತೆಗೆದಾಗ ಅವಳ ಮಯಸ್ತೇನಿಯಾ ಸುಧಾರಿಸಿತು. ಅಲ್ಲಿಂದ ಈ ಆಪರೇಷನ್ ನಡೆಯುತ್ತಲೇ ಬಂದಿದೆ. ಆದರೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 80 ವರ್ಷದ ಮೇಲೆ, 2016ರಲ್ಲಿ. 126 ರೋಗಿಗಳಲ್ಲಿ ಒಂದು ಗುಂಪಿಗೆ ಆಪರೇಷನ್ ಮತ್ತು ಸ್ಟೀರಾಯ್ಡ್, ಇನ್ನೊಂದಕ್ಕೆ ಸ್ಟೀರಾಯ್ಡ್ ಮಾತ್ರ. ಮೂರು ವರ್ಷ ನೋಡಿದರು. ಆಪರೇಷನ್ ಆದವರಿಗೆ ದಿನ ಬಿಟ್ಟು ದಿನ ಸರಾಸರಿ 44 ಮಿಲಿಗ್ರಾಂ ಸ್ಟೀರಾಯ್ಡ್ ಸಾಕಾಯಿತು, ಉಳಿದವರಿಗೆ 60 ಬೇಕಾಯಿತು. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿದವರು ಶೇ. 9, ಇನ್ನೊಂದು ಗುಂಪಿನಲ್ಲಿ ಶೇ. 37.

ಒಳ್ಳೆಯ ಅಂಕಿಗಳೇ. ಆದರೆ ಆ ಅಧ್ಯಯನದಲ್ಲಿದ್ದವರು 18ರಿಂದ 65 ವರ್ಷದವರು, ಎಲ್ಲರಿಗೂ ಅಸಿಟೈಲ್‌ಕೋಲಿನ್ ಗ್ರಾಹಕದ ಪ್ರತಿಕಾಯ ಇತ್ತು. ಹದಿಹರೆಯದವರಿಗೆ ಅದನ್ನು ಎಳೆದು ಹೊಂದಿಸುತ್ತಿದ್ದೇವೆ ಅಂತ ನೆನಪಿರಲಿ. ಅದೇ ವರ್ಷ ಬಂದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಮಕ್ಕಳ ವಿಷಯದಲ್ಲಿ ಜಾಗ್ರತೆಯಿಂದ ಮಾತಾಡುತ್ತದೆ: ಪ್ರತಿಕಾಯ ಇದ್ದು, ಮೈಗೆಲ್ಲ ಹರಡಿದ್ದು, ಔಷಧಿಗಳಿಂದ ಸಮಾಧಾನ ಆಗದಿದ್ದರೆ ಅಥವಾ ಅವುಗಳ ಹಾನಿ ತಪ್ಪಿಸಬೇಕಿದ್ದರೆ ಯೋಚಿಸಬಹುದು ಅಂತ. ಎಳೆಯ ಮಕ್ಕಳಲ್ಲಿ ಸಾಮಾನ್ಯವಾಗಿ ಮುಂದೂಡುತ್ತಾರೆ. 14, 15 ಆದವರಿಗೆ, ಪ್ರತಿಕಾಯ ಇದ್ದರೆ, ನನ್ನ ಒಲವು ಆಪರೇಷನ್ ಕಡೆಗೇ. ಸ್ಟೀರಾಯ್ಡಿನ ಮೇಲೆ ಕಳೆಯುವ ಹದಿಹರೆಯ ಅಗ್ಗದ್ದಲ್ಲ. ನನ್ನ ಮನೆಯವರಿಗೆ ಈ ಮಾತು ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ.

ಎರಡು ತಪ್ಪು ನಿರೀಕ್ಷೆ ಬೇಡ. ಆಪರೇಷನ್ ಆದ ಮರುದಿನ ಏನೂ ಬದಲಾಗುವುದಿಲ್ಲ. ಫಲ ಕಾಣೋಕೆ ತಿಂಗಳುಗಳು, ಕೆಲವರಿಗೆ ವರ್ಷಗಳು. ಮತ್ತೆ, ಕಾಯಿಲೆ ಹದಗೆಟ್ಟಿರುವಾಗ ಇದನ್ನು ಮಾಡುವುದಿಲ್ಲ. ಮೊದಲು ಐವಿಐಜಿಯೋ ಇನ್ನೊಂದೋ ಕೊಟ್ಟು ಮಗುವನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ಎದೆಮೂಳೆ ಸೀಳಿ ಮಾಡುವುದು ಹಳೆಯ ರೀತಿ. ಈಗ ಕ್ಯಾಮೆರಾ ಅಥವಾ ರೋಬೋ ನೆರವಿನಿಂದ ಪಕ್ಕೆಯ ಸಣ್ಣ ತೂತುಗಳ ಮೂಲಕವೂ ಮಾಡುತ್ತಾರೆ. ಬೇಗ ಎದ್ದು ಓಡಾಡಬಹುದು, ಎದೆಯ ಮೇಲೆ ಉದ್ದ ಗಾಯದ ಗುರುತು ಉಳಿಯುವುದಿಲ್ಲ. ಮೇಲೆ ಹೇಳಿದ ಅಧ್ಯಯನ ನಡೆದದ್ದು ಎದೆಮೂಳೆ ಸೀಳುವ ರೀತಿಯಲ್ಲಿ. ಅದಕ್ಕೇ ಸಣ್ಣ ತೂತಿನಿಂದಲೂ ಥೈಮಸ್ ಪೂರ್ತಿ ತೆಗೆಯುವ ಅನುಭವ ಎಷ್ಟಿದೆ ಅಂತ ಸರ್ಜನ್ನರನ್ನು ಕೇಳಿ. ಅರಿವಳಿಕೆ ಕೊಡುವವರಿಗೂ ಈ ಕಾಯಿಲೆ ಗೊತ್ತಿರಬೇಕು, ಸ್ನಾಯು ಸಡಿಲಿಸುವ ಔಷಧಿಗಳು ಈ ಮಕ್ಕಳ ಮೇಲೆ ಬೇರೆಯಾಗಿಯೇ ವರ್ತಿಸುತ್ತವೆ.

ಹೊಸಬರು

ರಿಟುಕ್ಸಿಮ್ಯಾಬ್ ಪ್ರತಿಕಾಯ ತಯಾರಿಸುವ ಬಿ ಕಣಗಳ ಸಾಲನ್ನೇ ಅಳಿಸುತ್ತದೆ. ಮಸ್ಕ್ ಇದ್ದರೆ ಇದನ್ನು ಬೇಗನೇ ಕೇಳಿ. ಉಳಿದವರಲ್ಲಿ ಫಲ ಮಿಶ್ರ. ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು.

ಎಕುಲಿಜುಮ್ಯಾಬ್, ಪ್ರತಿಕಾಯ ಬಂದು ಕೂತ ಮೇಲೆ ನಡೆಯುವ ದಾಳಿಯನ್ನು ತಡೆಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಈ ಕಾಯಿಲೆಗೆ 2017ರಲ್ಲಿ ದೊಡ್ಡವರಿಗೆ, 2025ರಲ್ಲಿ 6 ವರ್ಷ ಮೇಲ್ಪಟ್ಟ ಮಕ್ಕಳಿಗೂ ಒಪ್ಪಿತು. ಮೆದುಳುಪೊರೆಯ ಸೋಂಕು ತರುವ ಮೆನಿಂಗೊಕಾಕಸ್ ಇದರ ದೊಡ್ಡ ಭಯ. ಎರಡು ವಾರ ಮುಂಚೆಯೇ ಲಸಿಕೆ ಆಗಿರಬೇಕು, ಆದರೂ ಜ್ವರ ಬಂದರೆ ತಕ್ಷಣ ತೋರಿಸಬೇಕು. ನಿಪೊಕ್ಯಾಲಿಮ್ಯಾಬ್ ರಕ್ತದಲ್ಲಿನ ಪ್ರತಿಕಾಯಗಳನ್ನೇ ಬೇಗ ಕರಗಿಸುತ್ತದೆ. ಇದಕ್ಕೂ 2025ರಲ್ಲೇ ಒಪ್ಪಿಗೆ ಸಿಕ್ಕಿತು, 12 ವರ್ಷ ಮೇಲ್ಪಟ್ಟವರಿಗೆ, ಮಸ್ಕ್ ಇದ್ದವರಿಗೂ ಸೇರಿ. ಇವು ಬೇಗ ಫಲ ಕೊಡುತ್ತವೆ, ಸ್ಟೀರಾಯ್ಡಿನ ಮುಖ ತರುವುದಿಲ್ಲ. ಆದರೆ ವಿಪರೀತ ದುಬಾರಿ, ಎರಡು ವಾರಕ್ಕೊಮ್ಮೆ ಹನಿಸಬೇಕು, ಮಕ್ಕಳಲ್ಲಿ ಹತ್ತಾರು ವರ್ಷದ ಅನುಭವ ಇನ್ನೂ ಕೂಡಿಲ್ಲ. ಹಳೆಯ ದಾರಿಗಳು ಕೈಕೊಟ್ಟ ಮಗುವಿಗೆ ಇವು ದೊಡ್ಡ ಆಸರೆ. ಮೊದಲ ದಿನವೇ ಇದಕ್ಕೆ ಹಟ ಹಿಡಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಯಾವ ದಾರಿ ಹಿಡಿದರೂ

ಬೇರೆ ಕಾಯಿಲೆಗೆ ಕೊಡುವ ಕೆಲವು ಔಷಧಿಗಳು ಮಯಸ್ತೇನಿಯಾವನ್ನು ಕೆರಳಿಸುತ್ತವೆ. ಅಜಿಥ್ರೋಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಜೆಂಟಾಮೈಸಿನ್‌ನಂಥ ಆಂಟಿಬಯಾಟಿಕ್‌ಗಳು, ನಾಳಕ್ಕೆ ಕೊಡುವ ಮೆಗ್ನೀಸಿಯಂ, ಮೈಗ್ರೇನಿಗೆ ಬರೆಯುವ ಪ್ರೊಪ್ರನೊಲಾಲ್. ಕೆಮ್ಮು, ಗಂಟಲು ನೋವು ಅಂತ ಹೋದಾಗಲೇ ಇವು ಚೀಟಿಗೆ ಬರುವುದು. ಸೋಂಕೇ ಮಯಸ್ತೇನಿಯಾವನ್ನು ಏರಿಸಿರುತ್ತದೆ, ಮೇಲೆ ಔಷಧಿಯೂ ಹಾಗೇ ಆದರೆ ಕಷ್ಟ. ನಾವು ಈ ಪಟ್ಟಿಯನ್ನು ಫೋನಿನಲ್ಲೂ ಶಾಲೆಯ ಚೀಲದಲ್ಲೂ ಇಟ್ಟಿದ್ದೇವೆ.

ಸೆಕೆ, ನಿದ್ದೆಗೆಟ್ಟ ರಾತ್ರಿ, ಕೆಲವು ಹುಡುಗಿಯರಿಗೆ ಮುಟ್ಟಿನ ದಿನಗಳು ಕಾಯಿಲೆಯನ್ನು ಏರಿಸುತ್ತವೆ. ಒಂದು ಕೆಟ್ಟ ವಾರ ನೋಡಿ ಔಷಧಿ ಬದಲಿಸುವ ಮುಂಚೆ ಇವನ್ನೂ ಲೆಕ್ಕಕ್ಕೆ ತಗೊಳ್ಳಿ. ಅದಕ್ಕೊಂದು ಡೈರಿ ಸಾಕು: ರೆಪ್ಪೆ ಎಷ್ಟು ಗಂಟೆಗೆ ಇಳಿಯಿತು, ಒಂದೇ ಉಸಿರಿಗೆ ಎಷ್ಟು ಎಣಿಸಿದಳು, ಮಾತ್ರೆ ಯಾವಾಗ.

ನಮ್ಮ ಮನೆಯ ಡೈರಿಯನ್ನು ಮೊದಲ ವರ್ಷ ನಾನೇ ಬರೆಯುತ್ತಿದ್ದೆ. ಈಗ 16ರ ಹುಡುಗಿ ಅದನ್ನು ಕಿತ್ತುಕೊಂಡಿದ್ದಾಳೆ. ಮುಂದಿನ ಭೇಟಿಯಲ್ಲಿ ನಾನು ಮೊದಲ ಹತ್ತು ನಿಮಿಷ ಹೊರಗೆ ಕೂರಬೇಕಂತೆ, ಡಾಕ್ಟರ ಹತ್ತಿರ ಅವಳೇ ಮಾತಾಡುತ್ತಾಳಂತೆ. ಒಪ್ಪಿಕೊಂಡಿದ್ದೇನೆ.